ಯಾವ ತುದಿ ಮೇಲೆ?

ಬೆಳಗಿನ ಆರು ಗಂಟೆ ಹತ್ತು ನಿಮಿಷ. ವಾದ್ಯಗಳ ಸಂಗ್ರಹಾಲಯದ ಹಿಂದಿನ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಪೂರ್ವಕ್ಕೆ. ಬಿಸಿಲು ಇನ್ನೂ ಮೇಲೇರಿಲ್ಲ; ಮೇಜಿನ ಮಟ್ಟದಲ್ಲೇ ಅಡ್ಡಡ್ಡ ಹರಿದು ಬರುತ್ತಿದೆ. ಆ ಬೆಳಕಿಗೆ ಮುಖ ಮಾಡಿ ಕೂತ ಮಹಿಳೆಯೊಬ್ಬರು ಗೇಣುದ್ದದ ಮರದ ಕೊಳವೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದಾರೆ. ಕೈಗೆ ಬಿಳಿ ಹತ್ತಿಯ ಗವಸು. ಎಡಗೈ ತೋರುಬೆರಳಿನ ಗವಸಿನ ತುದಿ ಖಾಲಿಯಾಗಿ ಬಾಗಿದೆ, ಒಳಗೆ ಬೆರಳಿನ ತುದಿಯಿಲ್ಲ. ಅವರು ಕೊಳವೆಯನ್ನು ತಲೆಕೆಳಗು ಮಾಡುತ್ತಾರೆ. ಮತ್ತೆ ನೆಟ್ಟಗೆ ಮಾಡುತ್ತಾರೆ. ಅಥವಾ ನೆಟ್ಟಗಿದ್ದದ್ದು ಮೊದಲೋ?

"ಇಪ್ಪತ್ತೇಳು ಮುಗೀತು. ಇದೊಂದು ಐದು ದಿನದಿಂದ ನನ್ನ ತಲೆ ತಿಂತಾ ಇದೆ," ಎನ್ನುತ್ತಾರೆ, ಕೊಳವೆಯಿಂದ ಕಣ್ಣು ಕೀಳದೆ.

ಊದುವ ಸಣ್ಣ ಮರದ ವಾದ್ಯಗಳನ್ನು ನಿಲ್ಲಿಸಿಡುವ ಸ್ಟ್ಯಾಂಡು ಮಾಡುವುದು ಇವರ ಕಸುಬು. ಕೆಳಗೊಂದು ದುಂಡು ಪೀಠ, ಅದರ ನಡುವೆ ಒಂದು ಗೂಟ, ಗೂಟಕ್ಕೂ ಅದರ ಬುಡಕ್ಕೂ ಮೆತ್ತನೆಯ ಫೆಲ್ಟ್ ಬಟ್ಟೆ. ವಾದ್ಯದ ಕೆಳತುದಿಯನ್ನು ಗೂಟದ ಮೇಲೆ ಇಳಿಸಿದರೆ ಅದು ತಾನೇ ನಿಂತುಕೊಳ್ಳುತ್ತದೆ. ಇಷ್ಟೇ ನೋಡಿ ಎಂದು ಅವರು ಹೇಳುತ್ತಾರೆ. ಹೇಳಿದ ಮೇಲೆ ಒಂದು ಗಂಟೆ ಆ 'ಇಷ್ಟೇ'ಯನ್ನು ವಿವರಿಸುತ್ತಾರೆ. ಗೂಟ ಬಿಗಿಯಾದರೆ ತೇವದ ದಿನಗಳಲ್ಲಿ ಮರ ಉಬ್ಬಿ ವಾದ್ಯ ಅಲ್ಲೇ ಕಚ್ಚಿಕೊಳ್ಳುತ್ತದೆ. ಸಡಿಲವಾದರೆ ಬಾಗಿಲು ಬಡಿದಾಗಲೆಲ್ಲ ತಲೆ ಆಡಿಸುತ್ತದೆ. ರಬ್ಬರ್ ಹಾಕಿದರೆ ವಾರ್ನಿಷ್ ಅಂಟಾಗುತ್ತದೆ, ಸ್ಪಂಜು ಹಾಕಿದರೆ ಮೂರು ವರ್ಷಕ್ಕೆ ಪುಡಿಯಾಗಿ ಒಳಗೆ ಸುರಿಯುತ್ತದೆ. ತಲೆಭಾರದ ವಾದ್ಯಕ್ಕೆ ಪೀಠ ಅಂಗೈ ಅಗಲ ಬೇಕು. ಬೆರಳುದ್ದದ್ದಕ್ಕೆ ಬಾಟಲಿ ಮುಚ್ಚಳದಷ್ಟು ಸಾಕು.

ಎಲ್ಲರೂ ಇವರನ್ನು ಕರೆಯುವುದು ಗೂಟದಕ್ಕ ಎಂದು. ವಯಸ್ಸು ಐವತ್ತಾರು. ಮೊದಲು ಕುರ್ಚಿ ಕಾರ್ಖಾನೆಯ ಲೇತ್ ಯಂತ್ರದಲ್ಲಿ ಮರದ ಕಾಲು ಕಡೆಯುತ್ತಿದ್ದರು, ದಿನಕ್ಕೆ ಅರವತ್ತು ಕಾಲು. ಬೆರಳಿನ ತುದಿ ಹೋದದ್ದು ಅಲ್ಲೇ. "ಹದಿನೈದು ಕುರ್ಚಿ ಆಗ್ತಿತ್ತು ದಿನಕ್ಕೆ. ಒಂದರ ಮೇಲಾದ್ರೂ ಕೂತ್ಕೊಂಡಿದ್ದು ನೆನಪಿಲ್ಲ." ಕಾರ್ಖಾನೆ ಮುಚ್ಚಿದಾಗ ಮನೆಯಲ್ಲಿ ಸಂಪಾದನೆ ಇದ್ದದ್ದು ಗಂಡನಿಗೆ ಮಾತ್ರ. ಅವರು ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು, ವಿರಾಮದಲ್ಲಿ ಅದನ್ನು ಕುರ್ಚಿಗೆ ಒರಗಿಸಿಡುತ್ತಿದ್ದರು, ಅದು ಬೀಳುತ್ತಿತ್ತು. ಎರಡನೇ ಸಲ ಬಿದ್ದ ರಾತ್ರಿ ಇವರು ಉಳಿದಿದ್ದ ಕುರ್ಚಿ ಕಾಲೊಂದನ್ನು ಕಡೆದು ಗೂಟ ಮಾಡಿಕೊಟ್ಟರು. ಬ್ಯಾಂಡಿನ ಉಳಿದವರು ಕೇಳಿದರು, ವಾದ್ಯದಂಗಡಿಯವರು ಕೇಳಿದರು, ಕೊನೆಗೆ ಸಂಗ್ರಹಾಲಯದವರು ಕೇಳಿದರು. ಇಪ್ಪತ್ತಾರು ವರ್ಷಗಳಲ್ಲಿ ಆರುನೂರ ಹದಿನಾಲ್ಕು ಸ್ಟ್ಯಾಂಡು. ಒಂದಕ್ಕೆ ಮೂರು ದಿನ ಹಿಡಿಯುತ್ತದೆ, ಅದರಲ್ಲಿ ಒಂದು ದಿನ ಬರೀ ನೋಡುವುದಕ್ಕೆ. ಸಂಗ್ರಹಾಲಯದ ಕಾರ್ಡುಗಳಲ್ಲಿ ವಾದ್ಯದ ಮರ ಯಾವುದು, ವಯಸ್ಸೆಷ್ಟು, ಕೊಟ್ಟವರು ಯಾರು ಎಂದೆಲ್ಲ ಇದೆ. ನಿಲ್ಲಿಸಿದವರು ಯಾರೆಂದು ಇಲ್ಲ.

ಈಗಿನ ಪೇಚು ಆ ಗೇಣುದ್ದದ ಕೊಳವೆಯದು. ಹನ್ನೊಂದು ವರ್ಷದ ಹಿಂದೆ ಯಾರದೋ ಹಳೆಯ ಪೆಟ್ಟಿಗೆಯೊಳಗಿಂದ ಬಂತು. ಕಪ್ಪು ಮರ, ಮುಂಭಾಗಕ್ಕೆ ಆರು ತೂತು, ಎರಡೂ ತುದಿ ತೆರೆದಿವೆ, ಒಂದು ತುದಿ ಕೊಂಚ ಅಗಲ. ಅದನ್ನು ಊದಿದವರನ್ನು ಕಂಡವರಿಲ್ಲ. ಯಾವ ತುದಿ ಮೇಲೆ ಬರಬೇಕೆಂದು ಯಾರೂ ಹೇಳಲಿಲ್ಲ. ಗೂಟದಕ್ಕ ಮನೆಗೆ ಹೋಗಿ ಗಂಡನನ್ನು ಕೇಳಿದರು. ಗಡ್ಡ ಹೆರೆಯುತ್ತಿದ್ದ ಗಂಡ ಕನ್ನಡಿಯಿಂದ ತಿರುಗದೆಯೇ, "ಅಗಲದ್ದು ಕೆಳಗೆ, ಅದರಲ್ಲಿ ಕೇಳೋದೇನಿದೆ?" ಎಂದರು. ಅವರ ಕ್ಲಾರಿನೆಟ್ ಹಾಗಿತ್ತು. ಇವರು ಅಗಲದ ತುದಿಗೆ ಗೂಟ ಮಾಡಿದರು.

ಈಗ ಪ್ರದರ್ಶನದ ಹಾಲಿಗೆ ಬಣ್ಣ ಬಳಿದು ಸೋಮವಾರ ಬಾಗಿಲು ತೆರೆಯಲಿದ್ದಾರೆ. ಇಪ್ಪತ್ತೆಂಟು ಸ್ಟ್ಯಾಂಡುಗಳಿಗೂ ಹೊಸ ಫೆಲ್ಟ್ ಹಾಕಬೇಕು, ಕೆಲಸ ಅಷ್ಟೇ. ಇಪ್ಪತ್ತೆಂಟನೆಯದನ್ನು ಬಿಚ್ಚುವಾಗ ಅಡ್ಡ ಬಿಸಿಲಿನಲ್ಲಿ ಗೂಟದಕ್ಕನ ಕಣ್ಣಿಗೆ ಒಂದು ನೆರಳು ಬಿತ್ತು. ಅಗಲದ ತುದಿಯ ಅಂಚಿನಲ್ಲಿ, ತೂತುಗಳ ಹಿಂಬದಿಗೆ, ಹೆಬ್ಬೆರಳಗಲದ ಸಣ್ಣ ತಗ್ಗು. ಕಣ್ಣಿಗಿಂತ ಉಗುರಿಗೆ ಚೆನ್ನಾಗಿ ತಿಳಿಯುತ್ತದೆ.

"ನೆಲಕ್ಕಿಟ್ಟದ್ದು ಸುತ್ತಲೂ ಸವೆಯುತ್ತೆ. ತುಟಿಗಿಟ್ಟದ್ದು ಒಂದೇ ಕಡೆ ಸವೆಯುತ್ತೆ," ಎನ್ನುತ್ತಾರೆ ಗೂಟದಕ್ಕ. ಅಂದರೆ ಬಾಯಿಗಿಡುತ್ತಿದ್ದದ್ದು ಅಗಲದ ತುದಿ. ಅಂದರೆ ಹನ್ನೊಂದು ವರ್ಷದಿಂದ ಆ ವಾದ್ಯ ಗಾಜಿನೊಳಗೆ ತಲೆಕೆಳಗಾಗಿ ನಿಂತಿದೆ.

ಸಂಗ್ರಹಾಲಯದ ಮೇಲ್ವಿಚಾರಕರು ನಲವತ್ತರ ಆಸುಪಾಸಿನವರು, ಒಳ್ಳೆಯ ಮನುಷ್ಯ. ಅವರು ನಗುತ್ತಾರೆ. "ಅಕ್ಕ, ಬಟ್ಟೆ ಬದಲಾಯಿಸಿ ಅಂದ್ರೆ ತಲೆನೇ ಬದಲಾಯಿಸ್ತೀನಿ ಅಂತೀರಲ್ಲ!" ಆಮೇಲೆ ಕಾರ್ಡು ತೋರಿಸುತ್ತಾರೆ: ಕಿರಿದಾದ ತುದಿಗೆ ತುಟಿಯಿಟ್ಟು ಊದುತ್ತಿದ್ದರು. ಕಾರ್ಡಿಗೆ ಆಧಾರವಾದ ಪುಸ್ತಕ ತೋರಿಸುತ್ತಾರೆ. ಅಲ್ಲೂ ಹಾಗೇ ಇದೆ, ಪಕ್ಕದಲ್ಲಿ ಫೋಟೋ ಬೇರೆ.

ಆ ಫೋಟೋ ನೋಡಿದ ಮೇಲೆ ಗೂಟದಕ್ಕನಿಗೆ ಊಟ ಸೇರಿಲ್ಲ. "ಕಾರ್ಡಿನವರು ಪುಸ್ತಕ ನೋಡಿ ಬರೆದ್ರು. ಪುಸ್ತಕದವರು ಫೋಟೋ ನೋಡಿ ಬರೆದ್ರು. ಫೋಟೋದಲ್ಲಿರೋದು ನನ್ನ ಗೂಟ. ಗೂಟಕ್ಕೆ ಹೇಳಿಕೊಟ್ಟಿದ್ದು ನಮ್ಮ ಮನೆಯವರು, ಅದೂ ಅರ್ಧ ಗಡ್ಡದಲ್ಲಿ."

ಮನೆಯವರು ಈಗ ನಿವೃತ್ತರು. ಮುಂದಿನ ಎರಡು ಹಲ್ಲು ಹೋಗಿವೆ. ಮನೆಯ ಹಿತ್ತಿಲ ಶೆಡ್ಡಿನಲ್ಲಿ ಲೇತಿನ ಪಕ್ಕ ಕೂತು ತಮ್ಮ ಅಹವಾಲು ಹೇಳಿಕೊಳ್ಳುತ್ತಾರೆ: "ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಇವಳು ನನ್ನ ಮಾತು ಕೇಳಿದ್ದು ಒಂದೇ ಸಲ. ಅದೂ ತಪ್ಪು ಮಾತೇ ಆಗ್ಬೇಕಾ?"

ಪ್ರತಿ ವಾದ್ಯಕ್ಕೂ ಅದರದೇ ಅಳತೆಯ ಮರದ ನಕಲೊಂದನ್ನು ಗೂಟದಕ್ಕ ಮಾಡಿಟ್ಟುಕೊಳ್ಳುತ್ತಾರೆ. ಅದಕ್ಕೆ ಡಮ್ಮಿ ಎನ್ನುತ್ತಾರೆ. ಸಂಗ್ರಹಾಲಯದ ವಾದ್ಯ ಮನೆಗೆ ಬರುವ ಹಾಗಿಲ್ಲ. ಗೂಟ ಹೊಂದುತ್ತದೋ ಇಲ್ಲವೋ ಎಂದು ಡಮ್ಮಿಯ ಮೇಲೆ ನೋಡಬೇಕು. ಆ ಕೊಳವೆಯ ಡಮ್ಮಿ ಹನ್ನೊಂದು ವರ್ಷದಿಂದ ಕಪಾಟಿನಲ್ಲೇ ಇದೆ. ಅದನ್ನು ಗಂಡನ ಕೈಗೆ ಕೊಟ್ಟಿದ್ದಾರೆ. ಅವರು ಕಿರಿದಾದ ತುದಿಯಿಂದ ಊದುತ್ತಾರೆ. ಮೊದಲು ಬರೀ ಗಾಳಿ, ಆಮೇಲೆ ತೆಳ್ಳನೆಯ ಸ್ವರ. ತಿರುಗಿಸಿ ಅಗಲದ ತುದಿಯಿಂದ ಊದುತ್ತಾರೆ. ಅಲ್ಲೂ ಸ್ವರ.

"ಎರಡೂ ಕಡೆ ಮಾತಾಡುತ್ತೆ," ಎನ್ನುತ್ತಾರೆ.

"ಯಾವ ಕಡೆ ಚೆನ್ನಾಗಿ ಮಾತಾಡುತ್ತೆ ಹೇಳ್ರೀ."

"ಬೆಳಿಗ್ಗೆ ಈ ಕಡೆ ಚೆನ್ನಾಗಿತ್ತು. ಈಗ ಆ ಕಡೆ."

"ನಿಮ್ಮನ್ನ ಕೇಳಿದ್ದೇ ತಪ್ಪು."

"ಇದನ್ನ ಹನ್ನೊಂದು ವರ್ಷದ ಹಿಂದೆ ಹೇಳಿದ್ರೆ ಇಬ್ಬರೂ ಬದುಕಿಕೊಳ್ತಿದ್ವಿ."

ಗೂಟದಕ್ಕ ನಗುವುದಿಲ್ಲ. ಗಂಡನ ಕೈಯಿಂದ ಡಮ್ಮಿ ತೆಗೆದುಕೊಂಡು ಅಗಲದ ತುದಿಯನ್ನು ಬೆರಳಿನಿಂದ ಸವರುತ್ತಾರೆ. ಅಂಚು ದುಂಡಗಿದೆ, ಎಲ್ಲೂ ತಗ್ಗಿಲ್ಲ. ಅಳತೆ ಹಿಡಿದ ದಿನ ತಗ್ಗು ಇರಲಿಲ್ಲವೋ, ಇದ್ದರೂ ಕಣ್ಣಿಗೆ ಬೀಳಲಿಲ್ಲವೋ, ಬಿದ್ದರೂ ಡಮ್ಮಿಗೆ ಅಷ್ಟೆಲ್ಲ ಯಾಕೆಂದು ಬಿಟ್ಟರೋ, ನೆನಪಿಲ್ಲ. ಆಮೇಲೆ ಅವರು ಸಂಗ್ರಹಾಲಯದಿಂದ ತಂದ ಹಳೆಯ ಸ್ಟ್ಯಾಂಡನ್ನು ಬೆಳಕಿಗೆ ಹಿಡಿಯುತ್ತಾರೆ. ನೋಡುವವರಿಗೆ ತೂತುಗಳು ಕಾಣಲೆಂದು ಗೂಟವನ್ನು ಒಂಬತ್ತು ಡಿಗ್ರಿ ಹಿಂದಕ್ಕೆ ವಾಲಿಸಿದ್ದರು. ಕೊಳವೆಯ ಭಾರವೆಲ್ಲ ಅಂಚಿನ ಹಿಂಬದಿಗೆ ಬಿದ್ದಿದೆ. ಆ ಭಾಗದಲ್ಲಿ ಹಳೆಯ ಫೆಲ್ಟ್ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ತಗ್ಗು ಇರುವುದೂ ಸರಿಯಾಗಿ ಅಲ್ಲೇ.

"ಬಟ್ಟೆ ಎಲ್ಲಾದ್ರೂ ಮರ ಸವೆಸುತ್ತಾ?" ಗಂಡ ಕೇಳುತ್ತಾರೆ. ಈಗ ಅವರ ದನಿಯಲ್ಲಿ ತಮಾಷೆಯಿಲ್ಲ.

"ಹೊಸ್ತಿಲು ಅಂಗಾಲಿಗೆ ಸವೆಯಲ್ವಾ? ಆ ಕಟ್ಟಡದ ಮುಂದೆ ದಿನವಿಡೀ ಲಾರಿ ಓಡಾಡ್ತವೆ. ಗಾಜು ಗಡಗಡ ಅನ್ನುತ್ತೆ."

ಲೇತಿನ ಬೆಲ್ಟು ತೂಗುತ್ತಿದೆ. ಗೂಟದಕ್ಕ ಸ್ಟ್ಯಾಂಡನ್ನು ಕೆಳಗಿಟ್ಟು ಹೇಳುತ್ತಾರೆ: "ಒಂದೋ ನಾನು ಅದನ್ನ ಹನ್ನೊಂದು ವರ್ಷ ತಲೆಕೆಳಗೆ ನಿಲ್ಲಿಸಿದ್ದೀನಿ. ಇಲ್ಲಾಂದ್ರೆ ಸರಿಯಾಗೇ ನಿಲ್ಲಿಸಿ, ಸವೆಸಿಬಿಟ್ಟಿದ್ದೀನಿ. ಯಾವುದು ಅಂತಾದ್ರೂ ಗೊತ್ತಾಗ್ಬಾರದಾ?"

ಮೇಲ್ವಿಚಾರಕರು ಕೊಳಲು ನುಡಿಸುವ ಇಬ್ಬರಿಗೆ ಚಿತ್ರ ಕಳಿಸಿ ಕೇಳಿದ್ದಾರೆ. ಒಬ್ಬರು ಅಗಲದ ತುದಿ ಎಂದರು, ಇನ್ನೊಬ್ಬರು ಕಿರಿದಾದದ್ದು ಎಂದರು. ಇಬ್ಬರಿಗೂ ಸಂಶಯವೇ ಇರಲಿಲ್ಲ. ಇನ್ನು ಗೂಟದಕ್ಕನ ಮುಂದಿರುವ ದಾರಿ ಬಹಳ ಸುಲಭ. ಹೊಸ ಫೆಲ್ಟ್ ಅಂಟಿಸಿ ಅದೇ ಗೂಟದ ಮೇಲೆ ನಿಲ್ಲಿಸಿದರೆ ತಗ್ಗು ಬಟ್ಟೆಯೊಳಗೆ ಮುಚ್ಚಿಹೋಗುತ್ತದೆ, ಕಾರ್ಡು ಪುಸ್ತಕ ಎರಡೂ ಸುಳ್ಳಾಗುವುದಿಲ್ಲ. ಹೇಳಿದರೆ, ವಾದ್ಯ ಸವೆಸಿದವಳೆಂದು ನಾಳೆಯಿಂದ ಆ ಹಿಂದಿನ ಕೋಣೆಯ ಬಾಗಿಲೇ ತೆರೆಯದಿರಬಹುದು.

ಶನಿವಾರ ಬೆಳಿಗ್ಗೆ ಅವರು ಆ ಕೋಣೆಯಲ್ಲಿ ಎರಡು ವಸ್ತು ಮೇಜಿನ ಮೇಲಿಡುತ್ತಾರೆ. ಒಂದು ಹಳೆಯ ಸ್ಟ್ಯಾಂಡು, ಹೊಸ ಫೆಲ್ಟ್ ಹಾಕಿದ್ದು. ಇನ್ನೊಂದಕ್ಕೆ ಗೂಟವೇ ಇಲ್ಲ. ಉದ್ದನೆಯ ಪೀಠ, ಅದರ ಮೇಲೆ ಎರಡು ಬೆರಳೆತ್ತರದ ಎರಡು ಕವಲು. ಕೊಳವೆಯನ್ನು ಕವಲುಗಳ ಮೇಲೆ ಮಲಗಿಸುತ್ತಾರೆ. ಎರಡೂ ತುದಿ ಗಾಳಿಯಲ್ಲಿವೆ, ಯಾವುದಕ್ಕೂ ಏನೂ ತಾಕುತ್ತಿಲ್ಲ. ಆಮೇಲೆ ತಗ್ಗು ತೋರಿಸುತ್ತಾರೆ, ತೆಳ್ಳಗಾದ ಹಳೆಯ ಬಟ್ಟೆ ತೋರಿಸುತ್ತಾರೆ, ಒಂಬತ್ತು ಡಿಗ್ರಿಯನ್ನೂ ಹೇಳುತ್ತಾರೆ.

ಮೇಲ್ವಿಚಾರಕರು ಕಿಟಕಿಯ ಹತ್ತಿರ ನಿಂತು ಅಂಚಿನ ಮೇಲೆ ಉಗುರಾಡಿಸುತ್ತಾರೆ. "ಪುಸ್ತಕದಲ್ಲಿ ನಿಂತಿದೆಯಲ್ಲ ಅಕ್ಕ."

"ಗೊತ್ತಿಲ್ಲದ್ದನ್ನ ನಿಲ್ಲಿಸಬಾರದು ಸರ್. ನಿಲ್ಲಿಸಿದ್ರೆ ಗೊತ್ತು ಅಂದಹಾಗೆ ಆಗುತ್ತೆ."

"ಕಾರ್ಡಿನಲ್ಲಿ ಏನು ಬರೀಲಿ?"

"ಗೊತ್ತಿಲ್ಲ ಅಂತ ಬರೀರಿ."

"ಈ ಕಟ್ಟಡದಲ್ಲಿ ಹಾಗೆ ಬರೆದಿರೋ ಕಾರ್ಡು ಒಂದೂ ಇಲ್ಲ." ಅವರು ಕೊಳವೆಯನ್ನು ಮೆಲ್ಲಗೆ ಕೆಳಗಿಡುತ್ತಾರೆ. "ಸವೆದಿರೋ ವಿಷಯ ರಿಜಿಸ್ಟರಿನಲ್ಲಿ ಬರ್ಕೋಬೇಕಾಗುತ್ತೆ, ನಿಮ್ಮ ಹೆಸರಿನ ಸಮೇತ."

"ಬರ್ಕೊಳ್ಳಿ ಸರ್. ಇಲ್ಲಿ ಬೇರೆಲ್ಲೂ ನನ್ನ ಹೆಸರಿಲ್ಲ. ಅದರಲ್ಲಾದ್ರೂ ಬರಲಿ."

ಮೇಲ್ವಿಚಾರಕರಿಗೆ ನಗಬೇಕೋ ಬೇಡವೋ ತಿಳಿಯುವುದಿಲ್ಲ. ಎರಡೂ ಸ್ಟ್ಯಾಂಡುಗಳನ್ನು ಎತ್ತಿಕೊಂಡು, "ನೋಡೋಣ," ಎಂದು ಹೊರಡುತ್ತಾರೆ.

ಭಾನುವಾರವಿಡೀ ಗೂಟದಕ್ಕ ಶೆಡ್ಡಿಗೆ ಹೋಗುವುದಿಲ್ಲ. "ನೋಡೋಣ ಅಂದ್ರೆ ನೋಡಲ್ಲ ಅಂತ," ಎಂದು ಗಂಡ ಅರ್ಥ ಹೇಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ, ಅದು ಅಷ್ಟು ಖಚಿತವಲ್ಲ ಎಂದೂ ಸೇರಿಸುತ್ತಾರೆ.

ಸೋಮವಾರ ಹತ್ತು ಗಂಟೆಗೆ ಬಾಗಿಲು ತೆರೆಯುತ್ತದೆ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಗಂಡ ಹೆಂಡತಿ ಮೊದಲ ಗಾಜಿನಿಂದ ಶುರು ಮಾಡಿ ಒಂದೊಂದನ್ನೂ ನೋಡುತ್ತ ಬರುತ್ತಾರೆ, ಯಾವ ಆತುರವೂ ಇಲ್ಲದವರ ಹಾಗೆ. ಇಪ್ಪತ್ತೇಳು ವಾದ್ಯಗಳು ನೆಟ್ಟಗೆ ನಿಂತಿವೆ. ಇಪ್ಪತ್ತೆಂಟನೆಯದು ಮಲಗಿದೆ.

ಕಾರ್ಡು ಹಳೆಯದೇ. ಆದರೆ ಕೊನೆಯ ಸಾಲಿನ ಮೇಲೆ, ಕಿರಿದಾದ ತುದಿ ಎಂದಿದ್ದ ಜಾಗದಲ್ಲಿ, ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿದ್ದಾರೆ. ಪಟ್ಟಿಯ ಮೇಲೆ ಏನೂ ಬರೆದಿಲ್ಲ. ನೋಡಲು ಬಂದವರೊಬ್ಬರು ಕತ್ತನ್ನು ಎಡಕ್ಕೆ ವಾಲಿಸಿ ನೋಡುತ್ತಾರೆ, ಬಲಕ್ಕೆ ವಾಲಿಸಿ ನೋಡುತ್ತಾರೆ, ಮುಂದೆ ಹೋಗುತ್ತಾರೆ.

"ಪಟ್ಟಿ ಸೊಟ್ಟಗೆ ಅಂಟಿಸಿದ್ದಾರೆ," ಎನ್ನುತ್ತಾರೆ ಗಂಡ.

"ಇರಲಿ ಬಿಡ್ರೀ," ಎನ್ನುತ್ತಾರೆ ಗೂಟದಕ್ಕ. ಬೆರಳ ತುದಿಯಿಲ್ಲದ ಕೈಯನ್ನು ಗಾಜಿನ ಹತ್ತಿರ ಒಯ್ದು, ಮುಟ್ಟದೆ ಹಾಗೇ ನಿಂತಿದ್ದಾರೆ. ಇನ್ನೇನು ಆಸೆ ಎಂದು ಕೇಳಿದರೆ ಕೊಳವೆಯಿಂದ ಕಣ್ಣು ಕೀಳದೆ ಹೇಳುತ್ತಾರೆ: "ಗೊತ್ತಿರೋರು ಒಬ್ಬರು ಬರಬೇಕು. ಬಾಯಲ್ಲಿ ಹೇಳೋದೂ ಬೇಡ, ಅದನ್ನ ಕೈಗೆ ತಗೊಳ್ಳೋ ರೀತೀಲೇ ನಂಗೆ ತಿಳಿಯುತ್ತೆ. ಅವತ್ತು ಗೂಟ ಕಡೀತೀನಿ. ಮರ ತೆಗೆದಿಟ್ಟಿದ್ದೀನಿ."