ಕಿತ್ತುಹಾಕಿದ ಬಿಳಿ ಪಟ್ಟಿ

ಆರ್ಡಿಸ್ ನೈಕ್ವಿಸ್ಟ್ ಸಾಧು ಹೆಂಗಸು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತೇನೆ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಮೂವತ್ತು ವರ್ಷ ನಮ್ಮೂರ ಮಕ್ಕಳಿಗೆ ಪಾಠ ಹೇಳಿದವಳು, ಈಗಲೂ ಎಲ್ಲರನ್ನೂ ಮೂರನೇ ತರಗತಿಯವರಂತೆಯೇ ಗದರುತ್ತಾಳೆ. ಆದರೆ ಒಬ್ಬರನ್ನು ನಂಬಿದಳೆಂದರೆ ಮುಗಿಯಿತು, ಎರಡನೇ ಸಲ ಕೇಳುತ್ತಿರಲಿಲ್ಲ.

ಅಲಾಸ್ಕಾದ ನಮ್ಮ ಈ ಹೊಳೆಯಂಚಿನ ಊರಿಗೆ ರಸ್ತೆಯಿಲ್ಲ. ಗಂಡ ತೀರಿಕೊಂಡ ವರ್ಷ ಅವಳಿಗೆ ವಿಮಾನ ಹಾರಿಸಲು ಕಲಿಸಿದವನು ಗಂಡನ ಗೆಳೆಯ ಲೈಲ್ ಹೋಬಾರ್ಟ್. ಆಮೇಲೆ ಇಬ್ಬರೂ ಸೇರಿ ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡರು. ಅವರದೊಂದು ನಿಯಮವಿತ್ತು. ಹಾರಿಸಿ ಬಂದವರಿಗೆ ಏನಾದರೂ ದೋಷ ಕಂಡರೆ ಬಿಳಿ ಅಂಟುಪಟ್ಟಿಯ ಮೇಲೆ ಬರೆದು ಮೀಟರುಗಳ ಕೆಳಗೆ ಅಂಟಿಸಬೇಕು. ಪಟ್ಟಿ ಇದ್ದರೆ ಇನ್ನೊಬ್ಬರು ಹಾರುವಂತಿಲ್ಲ. ರಿಪೇರಿಯಾದ ಮೇಲಷ್ಟೇ ಅದನ್ನು ಕೀಳಬೇಕು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಹೋದ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಗೆಳತಿಯರಾದ ನಾನೂ ಅವಳೂ ಒಣ ಸಾಲ್ಮನ್ ಮೀನಿನ ಮೂಟೆ ಹೇರಿಕೊಂಡು ಕೆಳಗಿನ ಹಳ್ಳಿಯಲ್ಲಿರುವ ನನ್ನ ತಂಗಿಯ ಮನೆಗೆ ಹೊರಟೆವು. ಪಟ್ಟಿ ಇರಲಿಲ್ಲ. ಶುರುಮಾಡಿದಾಗ ಎಂಜಿನ್ ನಾಲ್ಕಾರು ಸಲ ಕೆಮ್ಮಿತು. ಲೈಲ್ ಅಲ್ಲೇ ಕಾಫಿ ಹಿಡಿದು ನಿಂತಿದ್ದ. ಆರ್ಡಿಸ್ ಕಿಟಕಿ ತೆರೆದು ಕೂಗಿದಳು.

"ಏನೋ ಇದು, ಹೀಗೆ ಕೆಮ್ತಿದೆ?"

"ಚಳಿಗೆ ಕಣೇ! ನೀನೂ ಬೆಳಿಗ್ಗೆ ಎದ್ದಾಗ ಹಾಗೇ ಅಲ್ವಾ ಕೆಮ್ಮೋದು? ಹೋಗಿ ಬನ್ನಿ!"

ಅವಳು ನಕ್ಕಳು. ಎಂಜಿನ್ ಬಿಸಿಯಾಗಿ ಸರಿಹೋಯಿತು, ನಾವು ಹಾರಿದೆವು.

ಇಪ್ಪತ್ತು ನಿಮಿಷವಾಗಿರಬಹುದು. ಕೆಳಗೆ ಬರೀ ಕಾಡು, ನಡುವೆ ಹೊಳೆ. ಇದ್ದಕ್ಕಿದ್ದಂತೆ ವಿಮಾನ ಹಲ್ಲು ಉದುರುವ ಹಾಗೆ ಅದುರತೊಡಗಿತು. ನಾನು ಕಿರುಚಿದೆ.

"ಬಾಯಿ ಮುಚ್ಚು ಜೂನ್, ನಂಗೆ ಎಂಜಿನ್ ಕೇಳಿಸ್ಬೇಕು," ಎಂದಳು.

ವಿಮಾನದ ಮೂತಿ ತಗ್ಗಿಸಿ ವೇಗ ಕಾಯ್ದುಕೊಂಡಳು. ಮಂಜುಗಡ್ಡೆ ಕಟ್ಟಿರಬಹುದೆಂದು ಕಾರ್ಬುರೇಟರಿಗೆ ಬಿಸಿಗಾಳಿ ಬಿಟ್ಟಳು. ಟ್ಯಾಂಕು ಬದಲಿಸಿದಳು. ಎಂಜಿನ್ ಯಾವುದಕ್ಕೂ ಜಗ್ಗಲಿಲ್ಲ. ಅರ್ಧ ಜೀವದ ಎಂಜಿನ್ ನಮ್ಮನ್ನು ಎತ್ತಿ ಹಿಡಿಯಲಾರದೆ ಇಂಚಿಂಚಾಗಿ ಕೆಳಗಿಳಿಸುತ್ತಿತ್ತು.

"ಊರಿಗೆ ತಿರುಗಿಸೇ!" ಎಂದೆ.

"ಊರಿನವರೆಗೆ ಬರಲ್ಲ ಇದು. ಅಗೋ, ಆ ಕಲ್ಲುದಿಣ್ಣೆ. ಬೆಲ್ಟ್ ಬಿಗಿ ಮಾಡ್ಕೋ."

ಹೊಳೆಯ ನಡುವಿನ ಜಲ್ಲಿಯ ದಿಣ್ಣೆ, ಉದ್ದವೂ ಇಲ್ಲ, ನೆಟ್ಟಗೂ ಇಲ್ಲ. ರೇಡಿಯೋದಲ್ಲಿ ಜಾಗ ಹೇಳಿ, ಕೊನೆಗೆ ಎಂಜಿನ್ ಆರಿಸಿ ಇಳಿಸಿದಳು. ಕಲ್ಲುಗಳ ಮೇಲೆ ಎಗರಿ ಎಗರಿ, ನೀರಿಗೆ ಹತ್ತು ಹೆಜ್ಜೆ ಇರುವಾಗ ನಿಂತೆವು. ನಾನು ಅತ್ತುಬಿಟ್ಟೆ. ಅವಳು ಸೊಳ್ಳೆ ಎಣ್ಣೆ ಕೇಳಿದಳು.

ಅದನ್ನು ಹುಡುಕಲು ಸೀಟಿನಡಿ ಕೈಹಾಕಿದಾಗ ನನಗೆ ಸಿಕ್ಕಿದ್ದು ಮುದುಡಿದ ಬಿಳಿ ಪಟ್ಟಿ. ಲೈಲ್‌ನ ಅಕ್ಷರ, ನಾಲ್ಕು ದಿನದ ಹಿಂದಿನ ತಾರೀಖು: "ಬೆಳಿಗ್ಗೆ ಕೆಮ್ಮು. ವಾಲ್ವ್ ಸಿಕ್ಕಿಹಾಕಿಕೊಳ್ಳುತ್ತಿದೆ. ಹಾರಬೇಡ." ಆರ್ಡಿಸ್ ಅದನ್ನು ಓದಿದಳು. ಮತ್ತೆ ಮತ್ತೆ ಓದಿದಳು. ಆಮೇಲೆ ಮಡಿಸಿ ಜೇಬಿಗಿಟ್ಟಳು.

ನಮ್ಮನ್ನು ಕರೆದೊಯ್ಯಲು ಬೇರೊಬ್ಬರ ವಿಮಾನ ತಂದವನು ಲೈಲ್‌ನೇ. ಓಡಿಬಂದವನ ಮುಖಕ್ಕೆ ಅವಳು ಪಟ್ಟಿ ಹಿಡಿದಳು. ಅವನು ಬೂಟಿನಿಂದ ಕಲ್ಲು ಒದ್ದ.

"ಮೊನ್ನೆ ಒಬ್ಬ ವಿಮಾನ ನೋಡೋಕೆ ಬಂದಿದ್ದ. ನನ್ನ ಪಾಲು ಮಾರಿಬಿಡೋಣ ಅಂತ... ಪಟ್ಟಿ ನೋಡಿದ್ರೆ ಓಡಿಹೋಗ್ತಿದ್ದ, ಆರ್ಡಿಸ್."

"ನಿನ್ನ ಪಾಲು, ಮಾರ್ಕೋ. ಅವನು ಹೋದ್ಮೇಲೆ ಮತ್ತೆ ಅಂಟಿಸೋಕೆ ಏನಾಗಿತ್ತು?"

"ನಾಳೆ ಇನ್ನೊಂದ್ಸಲ ಬರ್ತೀನಿ ಅಂದಿದ್ದಾನೆ. ನಿಂಗೆ ಹೇಳಿದ್ರೆ ನೀನು ಇವತ್ತೇ ಎಂಜಿನ್ ಬಿಚ್ಚಿಸಿ ಹಾಕ್ತಿದ್ದೆ. ಬಿಸಿ ಆದ್ಮೇಲೆ ಸರಿಹೋಗ್ತಿತ್ತು, ಆಣೆಗೂ."

"ನಿನ್ನ ಗ್ರಾಹಕನಿಗೆ ಸುಳ್ಳು ಹೇಳಿದ್ಯಲ್ಲ, ಅದು ನಿನ್ನ ಹಣೆಬರಹ. ನನ್ನ ಮುಖ ನೋಡ್ಕೊಂಡು ಚಳಿಗೆ ಅಂದ್ಯಲ್ಲೋ. ಜೂನ್ ಪಕ್ಕದಲ್ಲೇ ಕೂತಿದ್ಲು."

ಅವನು ತಂದ ವಿಮಾನ ಹತ್ತಲು ಅವಳು ಒಪ್ಪಲಿಲ್ಲ. ದೋಣಿ ಬರುವವರೆಗೆ ಐದು ಗಂಟೆ ಕಲ್ಲಿನ ಮೇಲೆ ಕೂತಳು, ನಾನೂ ಕೂತೆ. ಊರಲ್ಲಿ ಕೆಲವರು ಈಗಲೂ ಲೈಲ್‌ನ ಪರ ಮಾತಾಡುತ್ತಾರೆ: ಯಾರಿಗೂ ಏನೂ ಆಗಲಿಲ್ಲವಲ್ಲ, ಅವಳದು ಅತಿಯಾಯಿತು ಎಂದು. ಅವರನ್ನು ಆ ದಿಣ್ಣೆಯ ಮೇಲೆ ಇಳಿಸಬೇಕು ಎನಿಸುತ್ತದೆ ನನಗೆ.

ಲೈಲ್‌ನ ಪಾಲನ್ನು ಅವಳೇ ಕೊಂಡಳು. ಎಂಜಿನ್ ರಿಪೇರಿಯಾಗಿದೆ, ಹಾರುತ್ತಾಳೆ. ಇಳಿದ ಮೇಲೆ ಗಾಳಿಗೆ ಹಾರಿಹೋಗದಂತೆ ರೆಕ್ಕೆಗೆ ಹಗ್ಗ ಕಟ್ಟುವುದು ಮೊದಲಿನಿಂದಲೂ ನನ್ನ ಕೆಲಸ. ಇಷ್ಟು ವರ್ಷದಲ್ಲಿ ಒಂದು ಗಂಟೂ ಸಡಿಲವಾಗಿಲ್ಲ. ಈಗ ನಾನು ಕಟ್ಟಿ ಮುಗಿಸಿದ ಮೇಲೆ ಅವಳು ಬರುತ್ತಾಳೆ, ನನ್ನ ಗಂಟು ಬಿಚ್ಚಿ ತಾನೇ ಮತ್ತೆ ಕಟ್ಟುತ್ತಾಳೆ.