ಎರವಲು ತಂದ ಲೈಬ್ರರಿಯೂ ಸಾವಿತ್ರಮ್ಮನವರ ಇರುವೆಯೂ

ದೆಹಲಿಯ ಹೌಜ್ ಖಾಸ್‌ನ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಸ್ವಲ್ಪ ಬಿಸಿಯಾಯಿತೆಂದರೆ ಅದರ ಸಂದಿಯಿಂದ ನುಸಿಗುಳಿಗೆಯ ವಾಸನೆ ಹೊರಡುತ್ತದೆ. ಇಂದು ಬೆಳಿಗ್ಗೆಯೂ ಹೊರಟಿತು, ನನ್ನ ಕಿವಿ ಬಿಸಿಯಾಯಿತು. ವಾಸನೆ ಮೂಗಿಗೆ ಬಡಿದರೆ ಕಿವಿ ಏಕೆ ಬಿಸಿಯಾಗಬೇಕು ಎನ್ನುತ್ತೀರಾ? ನಾಚಿಕೆ, ಮತ್ತೇನು.

ಆ ಲ್ಯಾಪ್‌ಟಾಪ್ ಲಕ್ಷ್ಮೀ ನಗರದ ಸಾವಿತ್ರಮ್ಮನವರದು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತು ಪರಿಚಯವಾದರು. ಕನ್ನಡದಲ್ಲಿ ಬರೆಯಲು ಗೆಳೆಯರೊಡನೆ ಒಂದು ತಂತ್ರಾಂಶ ಮಾಡಿದ್ದೇನೆ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೇನಿದೆ ಎಂದು ಬಿಚ್ಚಿಯೂ ನೋಡಬಹುದು ಎಂದು ಹೋಳಿಗೆ ಮುಗಿಯುವವರೆಗೂ ಕೊಚ್ಚಿಕೊಂಡೆ. ಅವರು ನಂಬಿದರು. ಮೊಮ್ಮಗಳು ಪೀಹುವಿಗೆ ಓದಿ ಹೇಳಲು ಅದರಲ್ಲೇ ಕಥೆ ಬರೆಯತೊಡಗಿದರು. ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಲ್ಲಿ ಮಾತ್ರ ಹಿಂದಿ.

ಈಗ ಸ್ವಲ್ಪ ಕಸುಬಿನ ಮಾತು, ಆಕಳಿಸಬೇಡಿ. ಒಂದು ಬಗೆಯ ಕಂಪ್ಯೂಟರಿನಲ್ಲಿರುವ ಅನುಕೂಲ ಇನ್ನೊಂದರಲ್ಲಿ ಇರುವುದಿಲ್ಲ. ಆ ಕೊರತೆ ತುಂಬಿಕೊಡಲು ಕೆಲವರು ಸಂಬಳವಿಲ್ಲದೆ ಬರೆದಿಟ್ಟ ಪೋರ್ಟಬಿಲಿಟಿ ಲೈಬ್ರರಿಗಳಿವೆ, ಪುಸ್ತಕದವಲ್ಲ, ಸಿದ್ಧ ಕೋಡಿನವು. ಊರಿಂದ ತಂದ ಪ್ಲಗ್ಗಿಗೂ ಬಾಡಿಗೆ ಮನೆಯ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಅಡಾಪ್ಟರಿನಂತೆ. ನಾವೂ ಒಂದನ್ನು ಎರವಲು ತಂದಿದ್ದೆವು. ಅದರಲ್ಲಿ ದೋಷ ಕಂಡರೆ ಬರೆದವರಿಗೇ ತಿಳಿಸುವುದು ರೂಢಿ. ಅಲ್ಲಿ ಸರಿಯಾದರೆ ಎಲ್ಲರಿಗೂ ಸರಿಯಾಗುತ್ತದೆ. ನನಗೊಮ್ಮೆ ದೋಷ ಕಂಡಿತು. ತಿಳಿಸಿ ಯಾರು ಕಾಯುತ್ತಾರೆ, ಚಲೋ ಎಂದು ನಮ್ಮ ಪ್ರತಿಯಲ್ಲೇ ಒಂದೆರಡು ಸಾಲು ತಿದ್ದಿದೆ. ತಿದ್ದಿದ್ದನ್ನು ಮರೆತೂ ಬಿಟ್ಟೆ.

ಕೆಲವು ತಿಂಗಳ ಮೇಲೆ ಸಾವಿತ್ರಮ್ಮನವರ ಫೋನ್ ಬಂತು.

"ನೋಡಪ್ಪಾ, ಬರೆದಿಟ್ಟ ಕಥೆಗಳ ಕೊನೆಯೇ ಕಾಣಿಸ್ತಿಲ್ಲ. ಎಲ್ಲಾ ಅರ್ಧಕ್ಕೇ ನಿಂತಿವೆ."

"ನೀವೇ ಏನೋ ಒತ್ತಿರ್ತೀರಿ ಆಂಟಿ."

"ಇರಬಹುದು. ವಯಸ್ಸಾಯ್ತಲ್ಲ."

ಜೀವಮಾನವೆಲ್ಲ ಟೈಪ್ ಮಾಡಿದ ಬೆರಳುಗಳ ಮಾತು ಅದು. ಮನೆಯಲ್ಲೂ ನಗು ಶುರುವಾಯಿತಂತೆ. ಮಗ "ಇನ್ನು ಸಾಕು ಬಿಡಮ್ಮಾ" ಎಂದು ಲ್ಯಾಪ್‌ಟಾಪನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಎತ್ತಿಟ್ಟ. ಅವರು ಬರೆಯುವುದನ್ನೇ ಬಿಟ್ಟರು.

ಹಳೆಯ ಕಂಪ್ಯೂಟರಿದ್ದ ಇನ್ನೂ ಕೆಲವರಿಂದ ಅದೇ ದೂರು ಬಂದಾಗ ನನಗೆ ಸಿಟ್ಟು ನೆತ್ತಿಗೇರಿತು, ಲೈಬ್ರರಿಯವರ ಮೇಲೆ! ಜಗತ್ತೆಲ್ಲ ಓದುವ ಅವರ ಚರ್ಚಾತಾಣದಲ್ಲಿ, ನಿಮ್ಮ ಅಸಡ್ಡೆಯಿಂದ ಒಬ್ಬ ಅಜ್ಜಿಯ ಕಥೆಗಳು ಹಾಳಾದವು ಎಂದು ಝಾಡಿಸಿದೆ. ತಪ್ಪಿರುವ ಸಾಲುಗಳನ್ನೂ ಎತ್ತಿ ತೋರಿಸಿದೆ. ಅವರಲ್ಲೊಬ್ಬ ಹೆಂಗಸು ಮೆತ್ತಗೆ ಉತ್ತರಿಸಿದರು: ಆ ಸಾಲುಗಳು ನಮ್ಮಲ್ಲಿಲ್ಲ, ನಿಮ್ಮ ಪ್ರತಿಯಲ್ಲಿ ಮಾತ್ರ ಇವೆ, ಅಜ್ಜಿಯ ಕಥೆಗಳು ಮತ್ತೆ ಸಿಕ್ಕವೇ? ನಾನು ತಿದ್ದಿ ಮರೆತ ಸಾಲುಗಳೇ ಅವು. ನಾನು ಬೈದದ್ದೂ ಅವರು ವಿಚಾರಿಸಿದ್ದೂ ಇಂದಿಗೂ ಅಲ್ಲೇ ಇವೆ, ಯಾರು ಬೇಕಾದರೂ ಓದಬಹುದು.

ಮರುದಿನವೇ ಮೆಟ್ರೋ ಹಿಡಿದು ಲಕ್ಷ್ಮೀ ನಗರಕ್ಕೆ ಹೋದೆ. "ಆಂಟಿ, ತಪ್ಪು ನಿಮ್ಮದಲ್ಲ, ನನ್ನದು" ಎಂದೆ. ಸಾವಿತ್ರಮ್ಮ ಒಳಗಿದ್ದ ಪೀಹುವನ್ನು ಕರೆದು ಎದುರು ಕೂರಿಸಿದರು.

"ಇವಳಿಗೆ ಹೇಳು. ಹಿಂದೀಲೇ ಹೇಳು, ಒಂದಕ್ಷರಾನೂ ತಪ್ಪಬಾರದು."

"ಬೇಟಾ, ಗಲತೀ ಮೇರೀ ಥೀ," ಎಂದೆ, ನನ್ನ ಹರಕು ಹಿಂದಿಯಲ್ಲಿ.

ಹುಡುಗಿ ಅಜ್ಜಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ತೋ ಫಿರ್ ಅಜ್ಜಿ ಕಾ ನಾಮ್ ಕ್ಯೂಂ ಲಗಾಯಾ?"

ಹಾಗಿದ್ದರೆ ಅಜ್ಜಿಯ ಹೆಸರೇಕೆ ಹೇಳಿದಿರಿ?

ಸಾವಿತ್ರಮ್ಮ ಆಮೇಲೆ ಮಗನಿಂದ ಹೊಸ ಲ್ಯಾಪ್‌ಟಾಪ್ ತರಿಸಿಕೊಂಡು ಮತ್ತೆ ಬರೆಯಲು ಕೂತರು. ಹಳೆಯದನ್ನು ನನ್ನ ಕೈಗಿಟ್ಟು, "ಮೊದಲು ಇದರಲ್ಲಿ ಓಡಿಸಿ ನೋಡು, ಆಮೇಲೆ ಊರಿಗೆಲ್ಲ ಹಂಚು" ಎಂದರು.

ಹಾಗೇ ಮಾಡುತ್ತಿದ್ದೇನೆ. ಇಂದು ಬೆಳಿಗ್ಗೆ ಅದೇ ಲೈಬ್ರರಿಯಲ್ಲಿ ಇನ್ನೊಂದು ದೋಷ ಸಿಕ್ಕಿತು. ತಿದ್ದಿಬಿಡೋಣವೆಂದು ಕೈ ತುರಿಸಿತು, ಸುಳ್ಳೇಕೆ ಹೇಳಲಿ. ಅವರ ಮೂಲ ಪ್ರತಿಯನ್ನೇ ಹೊಸದಾಗಿ ತಂದು ಓಡಿಸಿದೆ, ಅಲ್ಲೂ ಇತ್ತು. ಆ ಹೆಂಗಸಿಗೇ ಬರೆದೆ. ಕಥೆಗಳು ಸಿಕ್ಕವೇ ಎಂದು ಅಂದು ಕೇಳಿದ್ದರಲ್ಲ, ಅದಕ್ಕೂ ಈಗ ಉತ್ತರ ಬರೆದೆ: ಇಲ್ಲ, ಸಿಗಲಿಲ್ಲ.

ಪರೀಕ್ಷೆಗೆ ನಾನು ತೆರೆಯುವುದು ಸಾವಿತ್ರಮ್ಮನವರ ಒಂದು ಕಥೆಯನ್ನೇ. ಮೈಸೂರು ಪಾಕಿನ ಡಬ್ಬಿಯೊಳಗೆ ಕೂತು ದೆಹಲಿಗೆ ಬಂದ ಇರುವೆಯ ಕಥೆ. ಅದರ ಕೊನೆ ಈಗ ಅವರಿಗೂ ನೆನಪಿಲ್ಲವಂತೆ. ಪ್ರತಿ ಸಲವೂ ಓದುತ್ತೇನೆ: ರೈಲು ನಿಂತಿತು, ಇರುವೆ ಡಬ್ಬಿಯಿಂದ ಇಳಿದು ಸುತ್ತಲೂ ನೋಡಿ