ಹೂಂ ಅನ್ನುವವಳು

ಎದುರಿಗೆ ಒಬ್ಬರು ಕೂತು ‘ಹೂಂ’ ಅನ್ನದಿದ್ದರೆ ನನಗೆ ಕಥೆ ಹೇಳಲು ಬರುವುದೇ ಇಲ್ಲ. ನಮ್ಮ ಕಡೆ ಕಥೆ ಹೇಳುವ ರೀತಿಯೇ ಅದು. ನಾನೀಗ ಇರುವ ತೆಲುಗು ನಗರದಲ್ಲಿ, ಉಪ್ಪಲ್‌ನ ಪಾರ್ಕಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಥೆಗಳ ಉತ್ಸವದಲ್ಲಿ ತೆಲುಗು, ಹಿಂದಿ, ಉರ್ದುವಿನ ನಡುವೆ ಕನ್ನಡಕ್ಕೂ ಒಂದು ಸರದಿ ಇತ್ತು. ಕಥೆ ನನ್ನದು, ಹೂಂ ಅವಳದು. ಅವಳು ಕುಷಾಯಿಗೂಡದಲ್ಲಿ ನಮ್ಮ ಎದುರು ಮನೆಯವಳು, ಬೀದರ್ ಕಡೆಯವಳು, ನನಗಿಂತ ಚಿಕ್ಕವಳು. ಅಬ್ಬಾ, ಅವಳ ಹೂಂ! ಹೆದರಿದ ಹೂಂ ಬೇರೆ, ನಂಬದ ಹೂಂ ಬೇರೆ, ‘ಮುಂದ ಹೇಳ್ರಿ’ ಅನ್ನುವ ಹೂಂ ಬೇರೆ. ಕನ್ನಡ ಬಾರದವರೂ ಅವಳ ಮುಖ ನೋಡಿಕೊಂಡೇ ಕಥೆ ಹಿಡಿಯುತ್ತಿದ್ದರು.

ಈ ಸಲ ಸಂಘಟಕರು ಮೊದಲೇ ಹೇಳಿದ್ದರು: ಜನ ಎದ್ದು ಹೋದರೆ ಮುಂದಿನ ವರ್ಷ ಕನ್ನಡ ಇರುವುದಿಲ್ಲ. ನನಗೆ ಊಟ ಸೇರಲಿಲ್ಲ. ವಾರವಿಡೀ ಅವಳನ್ನು ವರಾಂಡದಲ್ಲಿ ಕೂರಿಸಿಕೊಂಡು, ದೆವ್ವವನ್ನೇ ಮನೆಗೆಲಸಕ್ಕೆ ಹಚ್ಚಿದ ಮುದುಕಿಯ ಕಥೆ ಹೇಳಿದೆ. ನಮ್ಮಜ್ಜಿ ಹೇಳುತ್ತಿದ್ದ ಕಥೆ ಅದು. ಇವಳು ದಿನಾ ಚೆನ್ನಾಗಿಯೇ ಹೂಂಗುಟ್ಟಿದಳು.

ಉತ್ಸವದ ಸಂಜೆ ಮೈಕಿನ ಮುಂದೆ ಕೂತು, “ಒಂದೂರಾಗ ಒಬ್ಬಾಕಿ ಮುದುಕಿ ಇದ್ದಳು” ಅಂದೆ. ಕಾದೆ. ಅವಳು ಬಾಯಿ ಬಿಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಅಂದೆ. ಸೆರಗಿನ ಅಂಚು ನೋಡುತ್ತಾ ಕೂತೇ ಇದ್ದಳು. ಹೂಂ ಇಲ್ಲದೆಯೇ ಮುಂದೆ ಹೇಳಹೋಗಿ ಕಥೆ ಹಿಂದುಮುಂದಾಯಿತು. ದೆವ್ವ ಬರುವ ಮೊದಲೇ ಮುದುಕಿ ಹೆದರಿಬಿಟ್ಟಳು. ತಿರುಗಿ ಹಿಂದೆ ಹೋಗಿ ಸರಿಮಾಡಿದೆ. ಮುಂದಿನ ಸಾಲಿನವರು ಎದ್ದರು, ಅವರ ಬೆನ್ನಿಗೇ ಉಳಿದವರೂ ಎದ್ದರು. ಹೇಗೋ ಮುಗಿಸಿ ಇಳಿದೆ.

ಶಾಮಿಯಾನದ ಹಿಂದೆ ಅವಳು ಚಹಾ ಕುಡಿಯುತ್ತಾ ನಿಂತಿದ್ದಳು.

“ಯಾಕವ್ವಾ, ಗಂಟಲಿಗೆ ಏನಾಗಿತ್ತು?” ಎಂದೆ.

“ಏನಿಲ್ಲರಿ ಅಕ್ಕಾರ. ವಿಡಿಯೊ ತಗೀತೀವಿ, ನಡುವ ಆವಾಜ್ ಬ್ಯಾಡ ಅಂತ ಸಂಘಟಕರು ಅಂದಿದ್ರು.”

“ಯಾವಾಗ ಅಂದಿದ್ರು?”

“ಹೋದ ವಾರರಿ.”

ಹೋದ ವಾರ! ಹಾಗಾದರೆ ನನ್ನ ವರಾಂಡದಲ್ಲಿ ದಿನಾ ಕೂತು ಮಾಡಿದ್ದೇನು? ಕೇಳುವಷ್ಟರಲ್ಲಿ ಸಂಘಟಕರೊಬ್ಬರು ಬಂದು, ಮುಂದಿನ ವರ್ಷದ ಅವಳ ಹಿಂದಿ ಕಥೆ ಪಕ್ಕಾ ತಾನೇ ಎಂದು ಹಿಂದಿಯಲ್ಲಿ ವಿಚಾರಿಸಿ ಹೋದರು.

ಅವಳು ನನ್ನ ತೋಳು ಹಿಡಿದಳು. “ಕನ್ನಡ ಹೆಂಗೂ ತಗದುಬಿಡ್ತಾರಂತರಿ. ಆ ಮುದುಕಿ ಕಥೀನ ನಾ ಹಿಂದಿಯೊಳಗ ಹೇಳ್ತೀನಿ. ನಿಮ್ಮ ಕಥಿ ಅಂತೂ ಉಳೀತದಲ್ರಿ? ನೀವು ಮುಂದ ಕುಂತು ಹೂಂ ಅಂದ್ರ ಸಾಕು.”

ಆಗ ಮಾತ್ರ ವಿಡಿಯೊದಲ್ಲಿ ಆವಾಜ್ ನಡೆಯುತ್ತದೇನೋ! ಮೋಸ ಮಾಡಿದ್ದಲ್ಲದೆ ಮೇಲೆ ಉಪಕಾರ ಬೇರೆ! ಸಿಟ್ಟು ನೆತ್ತಿಗೇರಿತು. ಕಣ್ಣಲ್ಲಿ ನೀರೂ ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಬೇರೆ ಯಾರಾದರೂ ಮಾಡಿದ್ದರೆ ನಾಲ್ಕು ಬೈದು ಮರೆಯುತ್ತಿದ್ದೆ. ಇವಳನ್ನು ನನ್ನವಳು ಅಂದುಕೊಂಡಿದ್ದೆ.

“ನಿನ್ನ ಕಥೀಗೆ ನೀನ ಹೂಂ ಅಂದ್ಕೋ” ಎಂದು ಅವಳ ಕೈ ಕೊಡವಿ ಗೇಟಿನ ಕಡೆ ನಡೆದೆ. ಹಿಂದಿನಿಂದ “ಅಕ್ಕಾರ, ಅಕ್ಕಾರ” ಎಂದು ಕರೆದಳು. ನಾನು ಓಗೊಡಲಿಲ್ಲ.